ಗಾಡಿ ಎತ್ತರಿಸುವ ಮುನ್ನ ಗ್ಯಾರೇಜನ್ನು ಅಳೆಯಿರಿ

ಹೂಟಗಳ್ಳಿ ಗಾಡಿ ಗೊತ್ತಿಲ್ಲದ ಊರಲ್ಲ. ಟ್ರಕ್ಕು, ಬಸ್ಸುಗಳ ಆಕ್ಸಲ್ ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇರುವುದು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲೇ. ಪಕ್ಕದ ಹುಣಸೂರು ರಸ್ತೆ ಹಿಡಿದರೆ ಮುಂದೆ ಕೊಡಗು. ಥಾರ್, ಜಿಮ್ನಿ, ಹಳೇ ಜಿಪ್ಸಿ ಇಟ್ಟುಕೊಂಡವರಿಗೆ ಶನಿವಾರ ಬಂತು ಅಂದ್ರೆ ಬೆಟ್ಟ ಕರೆಯುತ್ತೆ. ಹಾಗಾಗಿ ಈ ಕಡೆಯ ಹುಡುಗರು ಸಿಕ್ಕಾಗ ಕೇಳೋದು ಇದೇ: 'ಸಾರ್, ಲಿಫ್ಟ್ ಕಿಟ್ ಹಾಕಿಸ್ಬೇಕು, ಯಾವ ಗ್ಯಾರೇಜ್ ಒಳ್ಳೇದು?' ನಾನು ಹೆಸರು ಹೇಳಲ್ಲ. ಗ್ಯಾರೇಜನ್ನು ಅಳೆಯೋದು ಹೇಗೆ ಅಂತ ಹೇಳ್ತೀನಿ.

ಮೊದಲು, ಲಿಫ್ಟ್ ಕಿಟ್ ಅಂದ್ರೇನು? ಗಾಡಿಯ ಬಾಡಿಯನ್ನು ಒಂದೆರಡು ಇಂಚು ಮೇಲೆತ್ತುವ ಸಾಮಾನು. ಅಗ್ಗದ್ದು ಬೇಕಾದರೆ ಸ್ಪ್ರಿಂಗ್ ಮೇಲೊಂದು ಬಿಲ್ಲೆ ಇಡುತ್ತಾರೆ, ಅದು ಸ್ಪೇಸರ್. ಸರಿಯಾದದ್ದು ಬೇಕಾದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಿಸಬೇಕು. ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಜಿಮ್ನಿಯಂಥ ಗಾಡಿಯಲ್ಲಿ ಎರಡು ಚಕ್ರಗಳ ನಡುವೆ ಗಟ್ಟಿ ಆಕ್ಸಲ್ ಇರುತ್ತೆ. ಲಿಫ್ಟ್ ಹಾಕಿದರೆ ಬಾಡಿ ಮೇಲೇರುತ್ತೆ, ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತೆ. ಅದು ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು. ಅಂದ್ರೆ ಕಲ್ಲಿಗೆ ಆಕ್ಸಲ್ ತಗಲುತ್ತಿದೆ ಅಂತ ಲಿಫ್ಟ್ ಹಾಕಿಸಿದವನು ದುಡ್ಡು ಕೊಟ್ಟೂ ಕಲ್ಲಿಗೆ ತಗಲಿಸಿಕೊಳ್ತಾನೆ! ಇದನ್ನು ಮೊದಲೇ ಹೇಳುವವನು ಮೆಕ್ಯಾನಿಕ್. ಹೇಳದೆ ಬಿಲ್ ಬರೆಯುವವನು ವ್ಯಾಪಾರಿ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯಲ್ಲಿನ ಮಾಹಿತಿ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಓದಿ: ನಿಯಮ ಮೀರಿ ಗಾಡಿ ಬದಲಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿ, ಈ ಶಿಕ್ಷೆ ಮಾಲೀಕನಿಗೆ. 'ಏನೂ ಆಗಲ್ಲ ಸಾರ್, ಎಲ್ರೂ ಹಾಕಿಸ್ತಾರೆ' ಅಂದ ಗ್ಯಾರೇಜಿನವನು ಆ ದಿನ ನಿಮ್ಮ ಪಕ್ಕ ನಿಂತಿರಲ್ಲ. ಆದ್ದರಿಂದ ಸಾಮಾನು ಬುಕ್ ಮಾಡುವ ಮೊದಲೇ ಆರ್‌ಟಿಓ ಕಚೇರಿಗೂ ವಿಮಾ ಕಂಪನಿಗೂ ಲಿಖಿತವಾಗಿ ಕೇಳಿ. ವಿಮೆಯವರಿಗೆ ಹೇಳದೆ ಮಾಡಿಸಿದರೆ, ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ಗಾಡಿಯ ವಾರಂಟಿ ಏನಾಗುತ್ತೆ ಅಂತ ಶೋರೂಮಿನಲ್ಲೂ ಕೇಳಿ. ಉತ್ತರ 'ಇಲ್ಲ' ಅಂತ ಬಂದರೆ ಅಲ್ಲಿಗೇ ಬಿಡಿ.

ಒಪ್ಪಿಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಗ್ಯಾರೇಜಿಗೆ ಹೋಗಿ ಐದು ಪ್ರಶ್ನೆ ಕೇಳಿ.

ಒಂದು, ಬ್ರೇಕ್ ಹೋಸ್ ಉದ್ದ ಸಾಕಾಗುತ್ತಾ? ಬಾಡಿ ಮೇಲೆದ್ದು ಚಕ್ರ ಕೆಳಗೆ ಜೋತಾಗ ಹೋಸ್ ಬಿಗಿಯಾಗಿ ಎಳೆಯಬಾರದು. ಎಬಿಎಸ್ ವೈರೂ ಅಷ್ಟೇ.

ಎರಡು, ಆಕ್ಸಲ್ ಪಕ್ಕಕ್ಕೆ ಸರಿಯೋದನ್ನು ಹೇಗೆ ಸರಿಪಡಿಸ್ತೀರಿ? ಜಿಮ್ನಿಯಲ್ಲಿ ಆಕ್ಸಲನ್ನು ಬಾಡಿಗೆ ಹಿಡಿದಿಡುವ ಅಡ್ಡ ರಾಡ್ ಇದೆ. ಎತ್ತರ ಹೆಚ್ಚಿದರೆ ಅದು ಆಕ್ಸಲನ್ನು ಒಂದು ಬದಿಗೆ ಎಳೆಯುತ್ತೆ. 2020ರ ನಂತರದ ಥಾರ್‌ನಲ್ಲಿ ಮುಂದಿನ ಚಕ್ರಗಳು ಬೇರೆ ಬೇರೆ ಆಡುತ್ತವೆ, ಅಲ್ಲಿ ಡ್ರೈವ್ ಶಾಫ್ಟ್ ಜಾಯಿಂಟಿನ ಕೋನದ ಬಗ್ಗೆ ಕೇಳಬೇಕು.

ಮೂರು, ಬೋಲ್ಟುಗಳನ್ನು ಯಾವಾಗ ಪೂರ್ತಿ ಬಿಗಿ ಮಾಡ್ತೀರಿ? ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತೆ. ನಾನಾದರೆ ಈ ಪ್ರಶ್ನೆ ಬಿಡುವುದೇ ಇಲ್ಲ. ಕೆಲಸ ಗೊತ್ತಿದ್ದವನು ತಡವರಿಸದೆ ಹೇಳ್ತಾನೆ.

ನಾಲ್ಕು, ವೀಲ್ ಅಲೈನ್‌ಮೆಂಟಿನ ಮೊದಲಿನ, ನಂತರದ ಅಂಕಿಗಳ ಪ್ರಿಂಟ್ ಕೊಡ್ತೀರಾ? ಎತ್ತರ ಬದಲಾದರೆ ಚಕ್ರದ ಕೋನಗಳು ಬದಲಾಗುತ್ತವೆ, ಸ್ಟೇರಿಂಗ್ ಹಗುರಾಗಿ ಅಲೆದಾಡಬಹುದು. ಹೆಡ್‌ಲೈಟಿನ ಬೆಳಕೂ ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಅದನ್ನೂ ಇಳಿಸಬೇಕು.

ಐದು, ಸ್ವಲ್ಪ ಓಡಿಸಿದ ಮೇಲೆ ಮತ್ತೆ ಕರೆಸಿ ಬೋಲ್ಟ್ ನೋಡ್ತೀರಾ? ಬಿಲ್ಲಿನಲ್ಲಿ ಕಿಟ್ಟಿನ ಕಂಪನಿ, ಪಾರ್ಟ್ ನಂಬರ್, ಜಿಎಸ್‌ಟಿ ಬರೀತೀರಾ? 'ಬಿಲ್ ಬೇಡ, ಕಮ್ಮಿ ಮಾಡಿಕೊಡ್ತೀನಿ' ಅಂದ್ರೆ ಎದ್ದು ಬನ್ನಿ.

ಗಾಡಿ ಎತ್ತರವಾದಷ್ಟೂ ಅದರ ತೂಕದ ಕೇಂದ್ರ ಮೇಲೇರುತ್ತೆ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತೆ. ಮಡಿಕೇರಿ ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅಪ್ಪ, ಅಮ್ಮ, ಮಗುವಿಗೆ ಈ ಕಿಟ್ಟಿನ ಲೆಕ್ಕ ಗೊತ್ತಿರಲ್ಲ. ಆದ್ದರಿಂದ ನನ್ನ ಮಾತು ಇಷ್ಟೇ: ನಾಲ್ಕು ಗ್ಯಾರೇಜ್ ಸುತ್ತಿ. 'ನೀವು ಓಡಾಡೋದು ಎಲ್ಲಿ? ಮನೆಯವರೂ ಬರ್ತಾರಾ? ಹಾಗಿದ್ರೆ ಇದು ಬೇಡ, ಒಳ್ಳೇ ಟೈರ್ ಸಾಕು' ಅಂತ ಹೇಳಿ ಬಂದ ಗಿರಾಕಿಯನ್ನೇ ವಾಪಸ್ ಕಳಿಸುವ ಮೆಕ್ಯಾನಿಕ್ ಸಿಕ್ಕರೆ ಅವನ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಗಾಡಿಯ ಯಾವ ಕೆಲಸ ಇದ್ದರೂ ಅವನ ಹತ್ತಿರವೇ ಹೋಗಿ.