ಹೊಟ್ಟೆಯ ಕೊಬ್ಬಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ?



"ನಾನು ಸಪೂರ ಇದ್ದೇನಲ್ಲ, ನಂಗೆಂತಕ್ಕೆ ಶುಗರ್ ಬರ್ತದೆ?" ಕುಂದಾಪುರ, ಬೈಂದೂರು, ಬ್ರಹ್ಮಾವರದ ಸಂಘಗಳ ಸಭೆಗಳಲ್ಲಿ ಈ ಮಾತನ್ನು ನಾವು ಆಗಾಗ ಕೇಳುತ್ತೇವೆ. ಸಪೂರ ಇದ್ದವರಿಗೂ ಬರುತ್ತದೆ. ಯಾಕೆಂದು ತಿಳಿಯೋಣ.

ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಜೀವಕೋಶದ ಒಳಗೆ ಬಿಡುವ ಬೀಗದ ಕೈಯೇ ಇನ್ಸುಲಿನ್. ಟೈಪ್ 2 ಮಧುಮೇಹದಲ್ಲಿ ಮೊದಮೊದಲು ಕೀಲಿಕೈ ಇರುತ್ತದೆ, ಆದರೆ ಬೀಗ ತುಕ್ಕು ಹಿಡಿದಿರುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ.

ಈ ತುಕ್ಕಿಗೆ ಒಂದು ಮುಖ್ಯ ಕಾರಣ ಕೊಬ್ಬು. ಕೊಬ್ಬು ಅಂದರೆ ಬರೀ ಉಳಿತಾಯದ ಪೆಟ್ಟಿಗೆ ಅಂತ ಹಿಂದೆ ತಿಳಿದಿದ್ದರು. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಕೊಬ್ಬಿನಿಂದಲೇ ಬರುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. 'ಹೊಟ್ಟೆ ತುಂಬಿತು, ಸಾಕು' ಎಂದು ಮೆದುಳಿಗೆ ಹೇಳುವುದು ಅದರ ಕೆಲಸ. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಇನ್ಸುಲಿನ್‌ಗೆ ಸಹಾಯ ಮಾಡುತ್ತದೆ. ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿದಾಗ ಅಡಿಪೊನೆಕ್ಟಿನ್ ಕಡಿಮೆಯಾಗುತ್ತದೆ, ಮೆದುಳು ಲೆಪ್ಟಿನ್ ಮಾತು ಕೇಳುವುದಿಲ್ಲ, ಉರಿಯೂತ ತರುವ ವಸ್ತುಗಳು ಹೆಚ್ಚುತ್ತವೆ. ಪೆಟ್ಟಿಗೆಯಲ್ಲಿ ಹಿಡಿಸದ ಕೊಬ್ಬು ಯಕೃತ್ತು, ಸ್ನಾಯುಗಳಿಗೆ ಸೇರುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಮಾಡಿ ವರ್ಷಗಟ್ಟಲೆ ದುಡಿದು ಸೋಲುತ್ತದೆ. ಆಗ ಶುಗರ್ ಏರುತ್ತದೆ.

ಇನ್ನು ಸಪೂರದವರ ವಿಷಯ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ದೇಹದ ಅಳತೆಯನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದ್ದೂ ಒಂದೇ. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9, ಯಾಜ್ಞಿಕ್ ಅವರಲ್ಲಿ ಶೇಕಡಾ 21! ನಮ್ಮವರು ಕೈಕಾಲು ಸಪೂರ ಇದ್ದರೂ ಹೊಟ್ಟೆಯಲ್ಲಿ ಕೊಬ್ಬು ಕೂಡಿಡುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ.

ನಾವು ಮಾಡಬೇಕಾದದ್ದು:

* ಹೊಲಿಗೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು.
* 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು, ತಂದೆತಾಯಿಗೆ ಇದ್ದವರು ತಪ್ಪಿಸಲೇಬೇಡಿ.
* ಬಟ್ಟಲಲ್ಲಿ ಗಂಜಿ ಸ್ವಲ್ಪ ಕಡಿಮೆ, ಬಸಳೆ, ಹೆಸರುಕಾಳು, ಬಂಗುಡೆ, ಬೂತಾಯಿ ಸ್ವಲ್ಪ ಹೆಚ್ಚು. ಮೀನು ಹುರಿಯುವುದಕ್ಕಿಂತ ಸಾರು ಒಳ್ಳೆಯದು. ಚಾಕ್ಕೆ ಸಕ್ಕರೆ ಬೇಡ.
* ಬೀಡಿ ಕಟ್ಟುವವರು, ಹೊಲಿಗೆಯವರು ಆಗಾಗ ಎದ್ದು ಓಡಾಡಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ದುಡಿಯುವ ಸ್ನಾಯು ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳುತ್ತದೆ.
* ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮನೆಯವರಿಗೆಲ್ಲ ಬಡಿಸಿ, ತನ್ನ ಆರೋಗ್ಯವನ್ನು ಕೊನೆಗೆ ಇಡುವುದು ನಮ್ಮ ಹೆಂಗಸರ ಅಭ್ಯಾಸ. ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಒಂದು ಟೇಪನ್ನೂ ತನ್ನಿ.