ಹಳ್ಳ ಕೆಡುವುದು ದಂಡೆಯಲ್ಲಲ್ಲ

ಜೋರು ಮಳೆಗಾಲದಲ್ಲಿ ಹೇಮಾವತಿ ಉಕ್ಕಿ ಸಕಲೇಶಪುರದ ಹೊಳೆ ಮಲ್ಲೇಶ್ವರ ದೇವಸ್ಥಾನವನ್ನು ಸುತ್ತುವರಿದರೆ, ಆಜಾದ್ ರಸ್ತೆಯ ತಗ್ಗಿನ ಮನೆಗಳಿಗೆ ನೀರು ನುಗ್ಗಿದರೆ, ಮರುದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಆ ನೀರನ್ನು ಹೊಳೆಗೆ ತಂದು ಸುರಿದ ಹಳ್ಳಗಳ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಬಡಾವಣೆಯ ಹಿಂದೆ, ಹೋಂಸ್ಟೇಯ ಕೆಳಗೆ, ಹೆದ್ದಾರಿಯ ಮೋರಿಯೊಳಗೆ ಹರಿಯುವ ಈ ಹಳ್ಳಗಳು ಜುಲೈನಲ್ಲಿ ಕೆಂಪು ಮಣ್ಣು ಹೊತ್ತು ಭೋರ್ಗರೆಯುತ್ತವೆ, ಫೆಬ್ರುವರಿಗೆ ಪ್ಲಾಸ್ಟಿಕ್ ಮತ್ತು ಬಚ್ಚಲ ನೀರಿನ ಚರಂಡಿಗಳಾಗುತ್ತವೆ. ನೆರೆ ಮತ್ತು ಬರ ಎರಡನ್ನೂ ಒಂದೇ ಹಳ್ಳ ಒಂದೇ ವರ್ಷದಲ್ಲಿ ತೋರಿಸುತ್ತದೆ. ಎರಡಕ್ಕೂ ಕಾರಣ ಒಂದೇ.

ಇಲ್ಲಿ ಮಳೆಗೆ ಕೊರತೆಯಿಲ್ಲ. ಸಕಲೇಶಪುರದ ಪಶ್ಚಿಮದ ಅಂಚಿನ ಘಟ್ಟದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಪೂರ್ವಕ್ಕೆ ಬಂದಂತೆ ಅದು ಇಳಿಯುತ್ತ ಆಲೂರಿನ ಬಯಲಿನ ಕಡೆಗೆ ಸುಮಾರು ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ಬಿಸಿಲೆಯ ಹತ್ತಿರ ಮಂಕನಹಳ್ಳಿಯ ದಿಣ್ಣೆಯಲ್ಲಿ ಒಂದು ಕಲ್ಲಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಬಂಗಾಳ ಕೊಲ್ಲಿಗೆ. ಆದರೆ ಹನಿ ಯಾವ ಕಡಲಿಗೆ ಹೋಗುತ್ತದೆ ಎನ್ನುವುದಕ್ಕಿಂತ ಎಷ್ಟು ನಿಧಾನವಾಗಿ ಹೋಗುತ್ತದೆ ಎನ್ನುವುದೇ ಹಳ್ಳದ ಹಣೆಬರಹ.

ಕಾಡಿನಲ್ಲಿ ಬಿದ್ದ ಮಳೆ ಮೊದಲು ಎಲೆಗಳ ಮೇಲೆ, ಆಮೇಲೆ ತರಗಿನ ಮೇಲೆ ಇಳಿಯುತ್ತದೆ. ಬೇರು, ಗೆದ್ದಲು, ಎರೆಹುಳು ಕೊರೆದ ಸಂದುಗಳಲ್ಲಿ ಮಣ್ಣಿನೊಳಕ್ಕೆ ಜಾರಿ, ಕೊಳೆತ ಬಂಡೆಯ ಪದರಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದು ಒರತೆಯಾಗಿ ಹೊರಬರುತ್ತದೆ. ಬೇಸಿಗೆಯ ಹಳ್ಳದಲ್ಲಿ ಹರಿಯುವುದು ಹೋದ ಮಳೆಗಾಲದ ನೀರು. ಅದೇ ಜಾಗದಲ್ಲಿ ತಾರಸಿ, ಟಾರು ರಸ್ತೆ, ಇಂಟರ್‌ಲಾಕ್ ಹಾಸಿದ ಅಂಗಳ ಬಂದರೆ ಲೆಕ್ಕವೇ ಬದಲು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರಿನ ಒಂದು ತಾರಸಿಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಸುರಿದರೆ 5,000 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್ ನೀರು. ಪೈಪಿನಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಅದು ನಿಮಿಷಗಳಲ್ಲಿ ತಲುಪುತ್ತದೆ. ಅಂಥ ಇನ್ನೂರು ಮನೆಗಳಿದ್ದರೆ ಹಳ್ಳದ ಮೇಲೆ ಒಟ್ಟಿಗೇ ಹತ್ತು ಲಕ್ಷ ಲೀಟರ್ ಬೀಳುತ್ತದೆ, ಒರತೆಗೆ ಸೇರಬೇಕಾದ ನೀರು ಅದೇ ಸಂಜೆ ಕಳೆದುಹೋಗುತ್ತದೆ.

ಊರಂಚಿನ ಹಳ್ಳಗಳಿಗೆ ಪ್ರಪಂಚದ ಎಲ್ಲ ಕಡೆಯೂ ಬರುವ ಕಾಯಿಲೆ ಇದು. ದಂಡೆ ಕೊರೆದುಹೋಗುತ್ತದೆ, ತಳದ ಜಲ್ಲಿ ಕೊಚ್ಚಿಹೋಗುತ್ತದೆ, ನೀರು ಬಿಸಿಯಾಗುತ್ತದೆ, ಕಲ್ಲಿಗೆ ಅಂಟಿ ಬದುಕುವ ಕೀಟಗಳ ಮರಿಗಳು ಒಂದೊಂದಾಗಿ ಮಾಯವಾಗುತ್ತವೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕ್ರಿಸ್ ವಾಲ್ಶ್ ಮತ್ತು ಸಂಗಡಿಗರು ಇಂಥ ಹಳ್ಳಗಳ ಅಧ್ಯಯನಗಳಲ್ಲಿ ಒಂದು ಮುಖ್ಯ ಸಂಗತಿ ಕಂಡುಕೊಂಡರು. ಹಳ್ಳವನ್ನು ಕೆಡಿಸುವುದು ಕಾಂಕ್ರೀಟ್ ಎಷ್ಟಿದೆ ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ಭಾಗ ಪೈಪು ಚರಂಡಿಗಳ ಮೂಲಕ ನೇರವಾಗಿ ಹಳ್ಳಕ್ಕೆ ಜೋಡಿಕೊಂಡಿದೆ ಎನ್ನುವುದು. ಜಲಾನಯನದ ನೂರರಲ್ಲಿ ಐದು ಭಾಗ ಹೀಗೆ ಜೋಡಿಕೊಂಡರೂ ಸೂಕ್ಷ್ಮ ಪ್ರಕೃತಿಯ ಜೀವಿಗಳು ಜಾಗ ಖಾಲಿ ಮಾಡುತ್ತವೆ. ಈ ಮಾತಿನಲ್ಲಿ ನಮಗೆ ಧೈರ್ಯವಿದೆ. ಮನೆಗಳನ್ನು ಕೆಡವಬೇಕಿಲ್ಲ, ಜೋಡಣೆಯನ್ನು ಕಡಿದರೆ ಸಾಕು. ಮೆಲ್ಬರ್ನಿನ ಪೂರ್ವದ ಅಂಚಿನ ಲಿಟಲ್ ಸ್ಟ್ರಿಂಗಿಬಾರ್ಕ್ ಕ್ರೀಕ್ ಎಂಬ ತೊರೆಯ ಜಲಾನಯನದಲ್ಲಿ ಅವರು ಇದನ್ನೇ ಮಾಡಿದರು. ತೊರೆಯೊಳಗೆ ಏನನ್ನೂ ಕಟ್ಟಲಿಲ್ಲ. ಮೇಲಿನ ಮನೆಗಳಿಗೆ ಮಳೆನೀರಿನ ತೊಟ್ಟಿ, ರಸ್ತೆಬದಿಗೆ ನೀರು ಸೋಸಿ ಇಂಗಿಸುವ ಗಿಡದ ಪಾತಿ. ವರ್ಷಗಳ ಅಳತೆಯ ನಂತರ ತೊರೆಯ ನೀರಿನ ರಂಜಕ ಇಳಿದದ್ದೂ ನೀರು ತಂಪಾದದ್ದೂ ದಾಖಲಾಯಿತು.

ಹಳ್ಳ ಜೀವಂತವಿದೆಯೇ ಎಂದು ತಿಳಿಯಲು ನಮ್ಮಲ್ಲಿ ಒಂದು ಸೊಗಸಾದ ಸಾಕ್ಷಿಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾಯರು 1937ರಲ್ಲಿ ಕೊಟ್ಟಿಗೆಹಾರದ ಹೆಸರಿಟ್ಟು ವಿವರಿಸಿದ ಪುಟ್ಟ ಕಪ್ಪೆ, ಇಂದು ಕುಣಿಯುವ ಕಪ್ಪೆ ಎಂದು ಹೆಸರಾಗಿದೆ. ನೀರಿನ ಸದ್ದಿನಲ್ಲಿ ಕೂಗೊಂದೇ ಸಾಲದು, ಹಾಗಾಗಿ ಗಂಡು ಕಪ್ಪೆ ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತದೆ. ಈ ಕುಲದ ಕಪ್ಪೆಗಳು ಮಳೆಗಾಲ ಇಳಿದ ಮೇಲೆ ಹಳ್ಳದ ತಳದ ಜಲ್ಲಿ, ಮರಳಿನಲ್ಲಿ ಮೊಟ್ಟೆ ಹುದುಗಿಸುತ್ತವೆ. ಅಕಾಲದಲ್ಲಿ ಒಂದು ಜೋರು ಮಳೆ ಬಂದು ತಾರಸಿಗಳ ನೀರೆಲ್ಲ ಒಟ್ಟಿಗೆ ನುಗ್ಗಿದರೆ ಜಲ್ಲಿಯೊಂದಿಗೆ ಮೊಟ್ಟೆಯೂ ಹೋಯಿತು.

ನೀರನ್ನು ತಡೆದು ನಿಲ್ಲಿಸುವ ವಿದ್ಯೆ ಮಲೆನಾಡಿಗೆ ಹೊಸದಲ್ಲ. ಕಾಫಿ ತೋಟಗಳಲ್ಲಿ ಮಳೆ ತಗ್ಗುವ ಹೊತ್ತಿಗೆ ಗಿಡಗಳ ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಯುತ್ತಾರೆ. ಸುಮಾರು ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ಒಂದರ ನೇರಕ್ಕೆ ಇನ್ನೊಂದು ಬಾರದಂತೆ ತಪ್ಪಿಸಿ ತಪ್ಪಿಸಿ ತೆಗೆದ ಈ ಗುಂಡಿಗಳಲ್ಲಿ ಕೊಚ್ಚಿ ಬಂದ ಮಣ್ಣು, ತರಗು, ನೀರು ಮೂರೂ ನಿಲ್ಲುತ್ತವೆ. ಮೇಲೆ ಅತ್ತಿ, ಬಸರಿ, ಹಲಸಿನ ನೆರಳು. ತೋಟದ ಕೆಳಗೆ ಗದ್ದೆ. ಒಂದು ಎಕರೆ ಗದ್ದೆಯಲ್ಲಿ ಬದುವಿನೊಳಗೆ ಹತ್ತು ಸೆಂಟಿಮೀಟರಿನಷ್ಟೇ ನೀರು ನಿಂತರೂ ನಾಲ್ಕು ಲಕ್ಷ ಲೀಟರ್. ಗದ್ದೆಗೂ ಹಳ್ಳಕ್ಕೂ ನಡುವಿನ ಜೌಗು ನೆಲ, ಹಡ್ಲು, ಬೇಸಿಗೆಯಲ್ಲೂ ಕಾಲಿಟ್ಟರೆ ಜಿನುಗುತ್ತಿತ್ತು. ಗುಡ್ಡದಿಂದ ಹಳ್ಳದವರೆಗೆ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಕೈಹಿಡಿದು ಇಳಿಸುತ್ತಿದ್ದ ವ್ಯವಸ್ಥೆ ಇದು. ಭತ್ತ ನಷ್ಟದ ಬೆಳೆಯೆಂದು ಅದನ್ನು ಬಿಟ್ಟವರನ್ನು ನಾನು ದೂರಲಾರೆ, ಕೂಲಿಯ ಲೆಕ್ಕ ನನಗೂ ಗೊತ್ತು. ಆದರೆ ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿದಾಗ, ಹಡ್ಲಿನ ನಡುವೆ ಕಾಲುವೆ ಹೊಡೆದು ಒಣಗಿಸಿದಾಗ ನಾವು ಕಳೆದುಕೊಳ್ಳುವುದು ಭತ್ತವನ್ನು ಮಾತ್ರವಲ್ಲ. ಆಲೂರಿನ ಕಡೆ ಶುಂಠಿ ಬಂದಲ್ಲಿ ಇನ್ನೊಂದು ಬಗೆಯ ಪೆಟ್ಟು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆಂದು ಮಡಿಗಳ ನಡುವಿನ ಕಾಲುವೆಗಳನ್ನು ನೀರು ಬೇಗ ಹೊರಹೋಗುವಂತೆ ತೆಗೆಯುತ್ತಾರೆ, ಅದರ ಜೊತೆ ಮಣ್ಣು, ಗೊಬ್ಬರ, ಔಷಧಿ ಎಲ್ಲವೂ ಹಳ್ಳಕ್ಕೆ.

ಕಾಫಿಯೂ ನಿರ್ದೋಷಿಯಲ್ಲ. ಕೊಯ್ಲಿನ ತಿಂಗಳುಗಳಲ್ಲಿ, ಹಳ್ಳ ಅತಿ ಸಣ್ಣಗೆ ಹರಿಯುವ ಹೊತ್ತಿನಲ್ಲೇ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ನೀರು ಬರುತ್ತದೆ. ಹಣ್ಣಿನ ಸಕ್ಕರೆ, ಲೋಳೆ ತುಂಬಿದ ಆ ನೀರನ್ನು ಕೊಳೆಸುವ ಸೂಕ್ಷ್ಮಾಣುಗಳು ಹಳ್ಳದ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತವೆ. ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಕೊಳೆಸಿ ತೋಟಕ್ಕೇ ಬಿಡುವ ದಾರಿ ಎಲ್ಲರಿಗೂ ಗೊತ್ತಿರುವುದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ನೀರು ಇಂಗಿಸಿ’ ಎನ್ನುವ ಘೋಷಣೆಯನ್ನು ಘಟ್ಟದಲ್ಲಿ ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ನೇರಕ್ಕೆ ಕಡಿದ ದೋಣಿಗಾಲ್ ಬಳಿ 2022ರಲ್ಲಿ, ದೊಡ್ಡತಪ್ಪಲಿನ ಬಳಿ 2024ರ ಜುಲೈನಲ್ಲಿ ನೆಲ ಕುಸಿದದ್ದು ಎಲ್ಲರಿಗೂ ನೆನಪಿದೆ. ಅದೇ ತಿಂಗಳು ಎಡಕುಮೇರಿ ಕಡೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಷ್ಟೂ ಅವುಗಳ ಹಿಡಿತ ಸಡಿಲವಾಗುತ್ತದೆ. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದಾಗ ಅಲ್ಲಿ ತೆಗೆದ ಗುಂಡಿಗಳ ಪಾತ್ರದ ಬಗ್ಗೆ ಚರ್ಚೆ ನಡೆದದ್ದು ಇದೇ ಕಾರಣಕ್ಕೆ. ಕಡಿದ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು ಅಪಾಯ. ಅಲ್ಲಿ ನೀರನ್ನು ಮೇಲ್ಗಾಲುವೆಯಲ್ಲಿ ಹಿಡಿದು, ಮೆಟ್ಟಿಲಿಳಿಸಿ, ಹಳೆಯ ಹಳ್ಳದ ದಾರಿಗೇ ಬಿಡಬೇಕು. ಇಂಗಿಸುವ ಕೆಲಸ ಕಡಿಮೆ ಇಳಿಜಾರಿನ ತೋಟ, ಬಡಾವಣೆ, ಬಯಲಿಗೆ ಸೇರಿದ್ದು.

ಊರಿನೊಳಗೆ ಹಳ್ಳ ಉಳಿಸಲು ಈಗ ನಮಗೆ ತಿಳಿದಿರುವ ಒಂದೇ ಕೆಲಸ ಎರಡೂ ಕಡೆ ಕಾಂಕ್ರೀಟ್ ತಡೆಗೋಡೆ ಕಟ್ಟುವುದು. ಗೋಡೆ ನೀರಿನ ವೇಗ ಹೆಚ್ಚಿಸುತ್ತದೆ, ಕೆಳಗಿನ ಕೇರಿಗೆ ನೆರೆಯನ್ನು ಬೇಗ ತಲುಪಿಸುತ್ತದೆ. ಅದೇ ದುಡ್ಡಿನಲ್ಲಿ ಮೇಲಿನ ಮನೆಗಳ ತಾರಸಿ ನೀರಿಗೆ ತೊಟ್ಟಿ, ತೊಟ್ಟಿ ತುಂಬಿದರೆ ಹುಲ್ಲಿನ ಕಾಲುವೆ, ಬಡಾವಣೆಯ ತಗ್ಗಿನಲ್ಲಿ ಒಂದು ಗದ್ದೆಯಷ್ಟು ಜಾಗ ನೀರು ನಿಲ್ಲಲೆಂದೇ ಖಾಲಿ, ದಂಡೆಯಲ್ಲಿ ಹೊಳೆಮತ್ತಿ, ನೀರುನೇರಳೆ, ವಾಟೆ, ಕೇದಗೆ ಬರಲಿ. ಬಚ್ಚಲ ನೀರು ಬೇರೆ, ಮಳೆನೀರು ಬೇರೆ ಎಂಬ ಮೊದಲ ಪಾಠ ಪಾಲನೆಯಾಗದಿದ್ದರೆ ಇದಾವುದೂ ಫಲಿಸದು.

ಇನ್ನೊಂದು ಕೆಲಸ ತೋಟದವರದು, ಹಳ್ಳದ ಹರಿವನ್ನು ಅಳೆದಿಡುವುದು. ಇಲ್ಲಿನ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ ಸರ್ಕಾರ ಹೇಳಿದ ನೀರು 24 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜು 9.55 ಟಿಎಂಸಿ. ಸಣ್ಣ ಹಳ್ಳಗಳ ಹರಿವನ್ನು ದಶಕಗಳ ಕಾಲ ಅಳೆದಿಟ್ಟಿದ್ದರೆ ಈ ಅಂತರ ಇಷ್ಟು ಹಿಗ್ಗುತ್ತಿರಲಿಲ್ಲ. ಮಳೆಯ ಅಳತೆಯಲ್ಲಿ ಮಾತ್ರ ನಾವು ಶ್ರೀಮಂತರು. ಸಕಲೇಶಪುರ, ಆಲೂರಿನ ಎಷ್ಟೋ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳಿವೆ. ಅದೇ ಪುಟದಲ್ಲಿ ಇನ್ನೊಂದು ಗೆರೆ ಎಳೆದು, ಹಳ್ಳದ ಬಂಡೆಗೆ ಬಣ್ಣದಲ್ಲಿ ಅಡಿ ಇಂಚು ಗುರುತು ಮಾಡಿ, ಬೆಳಗಿನ ನೀರಿನ ಮಟ್ಟವನ್ನೂ ಬರೆಯಬಹುದು. ಜೋರು ಮಳೆಯ ನಂತರ ಎಷ್ಟು ಹೊತ್ತಿಗೆ ಏರಿತು, ಕೊನೆಯ ಮಳೆಯಾದ ಮೇಲೆ ಎಷ್ಟು ದಿನ ಹರಿಯಿತು ಎಂಬ ಎರಡು ಲೆಕ್ಕ ಸಾಕು. ಐದಾರು ವರ್ಷಗಳಲ್ಲಿ ಯಾವ ಹಳ್ಳಕ್ಕೆ ಮೊದಲು ಕೈಹಾಕಬೇಕು ಎಂಬುದು ಆ ಪುಸ್ತಕದಿಂದಲೇ ಗೊತ್ತಾಗುತ್ತದೆ.