ಮೂತ್ರದಲ್ಲಿ ಸಿಕ್ಕೀತೇ ಕಿಡ್ನಿ ಕ್ಯಾನ್ಸರಿನ ಜಾಡು?

ದಕ್ಷಿಣ ಕೊಡಗಿನ ಹುದಿಕೇರಿಯ ಒಂದು ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಯಜಮಾನರು ಒಳಗಿನಿಂದ ದೊಡ್ಡ ದೊಡ್ಡ ಲಕೋಟೆಗಳ ಕಟ್ಟು ತಂದರು. ಗಡ್ಡೆಯಾಗಿದ್ದ ಎಡ ಕಿಡ್ನಿಯನ್ನು ತೆಗೆಸಿದ ಮೇಲೆ ಮಾಡಿಸಿದ ಸಿ.ಟಿ. ಸ್ಕ್ಯಾನ್‌ಗಳು ಅವು. ಒಂದು ಫಿಲ್ಮನ್ನು ಬೆಳಕಿಗೆ ಹಿಡಿದು ಖಾಲಿ ಜಾಗ ತೋರಿಸಿದರು. ಎಡಗಡೆಯದು ಫಿಲ್ಮಿನಲ್ಲಿ ಬಲಗಡೆ ಕಾಣುತ್ತದೆಂದು ಅವರೇ ಹೇಳಿಕೊಟ್ಟರು. ಪ್ರತಿ ಸ್ಕ್ಯಾನ್‌ಗೂ ಮೊದಲು ಕ್ರಿಯಾಟಿನಿನ್ ನೋಡಿಸಬೇಕು. ಉಳಿದಿರುವ ಒಂದೇ ಕಿಡ್ನಿ ಅಯೋಡಿನ್ ಡೈಯನ್ನು ತಾಳಿಕೊಳ್ಳಬೇಕಲ್ಲ. ಆಮೇಲೆ ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರು. “ಕಾಫಿ ಕುಯ್ಯುವ ಟೈಮಲ್ಲಿ ಇಡೀ ದಿನ ಹೋಗ್ತದೆ. ಯೂರಿನ್ ಟೆಸ್ಟಲ್ಲೇ ಗೊತ್ತಾಗುವ ಹಾಗೆ ಏನೂ ಇಲ್ವಾ?” ಎಂದರು.

ಇದೆ. ಆಸ್ಪತ್ರೆಯ ದಿನಬಳಕೆಗೆ ಇನ್ನೂ ಬಂದಿಲ್ಲ, ಅಷ್ಟೆ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆರೆಮಯಾ ಮಾರಿಸ್ಸಿ, ಇವಾನ್ ಖರಾಶ್ ಮತ್ತವರ ತಂಡ 2010ರಲ್ಲಿ ಎರಡು ಪ್ರೋಟೀನುಗಳನ್ನು ಗುರುತಿಸಿತು: ಅಕ್ವಾಪೋರಿನ್–1 ಮತ್ತು ಪೆರಿಲಿಪಿನ್–2. ಗಡ್ಡೆ ಇರುವವರ ಮೂತ್ರದಲ್ಲಿ ಇವು ಹೆಚ್ಚು. ಗಡ್ಡೆ ತೆಗೆದ ಮೇಲೆ ಇಳಿಯುತ್ತವೆ.

ಪೆರಿಲಿಪಿನ್ ಕತೆ ನನ್ನನ್ನು ಬಿಡುತ್ತಿಲ್ಲ. ಕಿಡ್ನಿ ಕ್ಯಾನ್ಸರಿನಲ್ಲಿ ಹೆಚ್ಚಿನವು ‘ಕ್ಲಿಯರ್ ಸೆಲ್’ ಬಗೆಯವು. ಸೂಕ್ಷ್ಮದರ್ಶಕದಡಿ ಆ ಕೋಶಗಳು ಖಾಲಿ ಖಾಲಿಯಾಗಿ ಕಾಣುತ್ತವೆ. ನಿಜಕ್ಕೂ ಅವು ಖಾಲಿಯಲ್ಲ, ಕೊಬ್ಬು ಮತ್ತು ಗ್ಲೈಕೋಜೆನ್ ತುಂಬಿಕೊಂಡಿರುತ್ತವೆ. ಸ್ಲೈಡ್ ತಯಾರಿಸುವಾಗ ಅವು ಕರಗಿ ಹೋಗುವುದರಿಂದ ಬರಿದಾದಂತೆ ತೋರುತ್ತವೆ. ಆಪರೇಷನ್ ಮೇಜಿನ ಮೇಲೆ ಕೊಯ್ದ ಗಡ್ಡೆ ಮಾತ್ರ ಹೊಂಬಣ್ಣಕ್ಕಿರುತ್ತದೆ. ಇಷ್ಟೊಂದು ಕೊಬ್ಬು ಯಾಕೆ? 1993ರಲ್ಲಿ ಪತ್ತೆಯಾದ ವಿ.ಎಚ್.ಎಲ್. ಜೀನ್ ಕೆಟ್ಟರೆ, ಆಮ್ಲಜನಕ ಧಾರಾಳವಾಗಿದ್ದರೂ ಕೋಶ ಉಸಿರು ಕಟ್ಟಿದಂತೆ ವರ್ತಿಸತೊಡಗುತ್ತದೆ, ಕೊಬ್ಬನ್ನು ಉರಿಸುವುದು ಬಿಟ್ಟು ಕೂಡಿಡುತ್ತದೆ. ಕೋಶಗಳು ಆಮ್ಲಜನಕವನ್ನು ಅರಿಯುವ ಬಗೆಯನ್ನು ಬಿಡಿಸಿದ್ದಕ್ಕೇ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್. ಕೂಡಿಟ್ಟ ಕೊಬ್ಬಿನ ಹನಿಗಳಿಗೆ ಕವಚವಾಗಿ ನಿಲ್ಲುವುದೇ ಪೆರಿಲಿಪಿನ್–2. ಕೆಟ್ಟ ಜೀನ್‌ನಿಂದ ಹೊರಟ ದಾರಿ ಮೂತ್ರದ ಶೀಶೆಯವರೆಗೂ ಬರುತ್ತದೆ! ಅಕ್ವಾಪೋರಿನ್ನಿನ ಕತೆ ಚಿಕ್ಕದು: ಕೋಶದೊಳಗೆ ನೀರು ಬಿಡುವ ಬಾಗಿಲು ಅದು, ಈ ಕ್ಯಾನ್ಸರ್ ಹುಟ್ಟುವ ನಾಳದಲ್ಲೇ ಹೇರಳ. ಅದನ್ನು ಕಂಡುಹಿಡಿದ ಪೀಟರ್ ಏಗ್ರ್‌ಗೆ 2003ರಲ್ಲಿ ನೊಬೆಲ್ ಬಂತು.

2015ರಲ್ಲಿ ಸೇಂಟ್ ಲೂಯಿಯ ಅದೇ ತಂಡ, ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್‌ಗೆ ಬಂದಿದ್ದ 720 ಮಂದಿಯ ಮೂತ್ರ ನೋಡಿತು. ಮೂವರಲ್ಲಿ ಈ ಪ್ರೋಟೀನುಗಳು ಹೆಚ್ಚಿದ್ದವು, ಮೂವರ ಕಿಡ್ನಿಯಲ್ಲೂ ಗಡ್ಡೆ ಇತ್ತು.

ಆದರೆ ಇದು ಪತ್ತೆಯ ಮಾತು. ಹುದಿಕೇರಿಯವರು ಕೇಳಿದ್ದು ಕಾವಲಿನ ಮಾತು. ಕಿಡ್ನಿ ತೆಗೆದ ಮೇಲೆ ರೋಗ ಮರಳಿದರೆ ಅದು ಹೆಚ್ಚಾಗಿ ಶ್ವಾಸಕೋಶದಲ್ಲೋ ಮೂಳೆಯಲ್ಲೋ ತಲೆಯೆತ್ತುತ್ತದೆ. ಅಲ್ಲಿಂದ ಮೂತ್ರಕ್ಕೆ ನೇರ ದಾರಿಯಿಲ್ಲ. ಹಾಗಾಗಿ ಈ ಎರಡು ಪ್ರೋಟೀನುಗಳು ಮರುಕಳಿಕೆಯನ್ನೂ ಹೇಳಿಯಾವೆಂದು ನಂಬಲು ನಾನು ಹಿಂಜರಿಯುತ್ತೇನೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಫ್ರಾನ್ಸೆಸ್ಕೊ ಗ್ಯಾಟೊ ತಂಡ ಹಿಡಿದ ಹಾದಿ ನನಗೆ ಹೆಚ್ಚು ಹಿಡಿಸಿತು. ದೇಹಕ್ಕೆಲ್ಲ ಹರಡಿದ ಈ ಕ್ಯಾನ್ಸರಿನಲ್ಲಿ ಗ್ಲೈಕೋಸಮೈನೋಗ್ಲೈಕಾನ್ ಎಂಬ ಸಕ್ಕರೆ ಸರಪಳಿಗಳ ಪ್ರಮಾಣ ರಕ್ತ, ಮೂತ್ರ ಎರಡರಲ್ಲೂ ಏರುಪೇರಾಗುತ್ತದೆಂದು ಅವರು 2016ರಲ್ಲಿ ತೋರಿಸಿದರು.

ಇನ್ನು ಶೀಶೆಯ ಪಾಡು. ಹೆಚ್ಚು ನೀರು ಕುಡಿದ ದಿನ ಮೂತ್ರ ತೆಳುವಾಗುತ್ತದೆ, ಅದಕ್ಕೆ ಕ್ರಿಯಾಟಿನಿನ್ ಜೊತೆ ತಾಳೆ ನೋಡಿ ಲೆಕ್ಕ ಹಾಕಬೇಕು. ಪ್ರೋಟೀನ್ ಕೆಡದಂತೆ ಬೇಗ ತಣ್ಣಗಿಡಬೇಕು. ಆಟಿ ಮಳೆಗೆ ಮರ ಬಿದ್ದು ಕರೆಂಟು ಹೋಗುವ ದಕ್ಷಿಣ ಕೊಡಗಿನಲ್ಲಿ ಐಸ್ ಪೆಟ್ಟಿಗೆ, ಜನರೇಟರ್ ಇಲ್ಲದೆ ಈ ಮಾತೆತ್ತುವಂತಿಲ್ಲ.

ಈಗಲೇ ಆಗಬಹುದಾದ ಕೆಲಸ ಒಂದಿದೆ. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗಳು, ಮೈಸೂರಿನ ವೈದ್ಯಕೀಯ ಕಾಲೇಜುಗಳು ಕಿಡ್ನಿ ಗಡ್ಡೆಯ ಆಪರೇಷನ್ನಿಗೆ ಮುಂಚೆ, ಆಮೇಲೆ ಸ್ಕ್ಯಾನ್‌ಗೆ ಬಂದಾಗಲೆಲ್ಲ, ಒಪ್ಪಿದ ರೋಗಿಗಳ ಮೂತ್ರವನ್ನು ಫ್ರೀಜರಿನಲ್ಲಿ ಎತ್ತಿಡಬೇಕು. ಯಾರಿಗೆ ರೋಗ ಮರಳಿತೆಂದು ನಾಲ್ಕೈದು ವರ್ಷದಲ್ಲಿ ತಿಳಿದಾಗ, ಆ ಶೀಶೆಗಳನ್ನು ತೆರೆದು ನೋಡಬಹುದು. ಅಲ್ಲಿಯವರೆಗೆ ಹುದಿಕೇರಿಯವರು ಸ್ಕ್ಯಾನ್ ತಪ್ಪಿಸುವಂತಿಲ್ಲ. ಮೂತ್ರ ಕೆಂಪಾದರೆ, ನೋವಿಲ್ಲವೆಂದು ಕುಯ್ಲು ಮುಗಿಯುವವರೆಗೆ ಕಾಯಲೂಬಾರದು.